ಡಬ್ಬಿ ಸಮೇತ ರೇಸಿನ ಮೋಟಾರು

ವಾಡಿ ಸ್ಟೇಶನ್ನಿನ ಎದುರಿಗೆ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಅದರ ಜೊತೆಗೆ ಹಳೆಯ ಸಾಮಾನು ಕೊಡುವ, ಕೊಳ್ಳುವ ವ್ಯಾಪಾರ. ಇಂಥ ಜಾಗದಲ್ಲಿ ಕೂತವನು ನಗುವುದಕ್ಕಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ನಗೆ ಎನ್ನುವುದು ರೈಲಿಳಿದು ತಾನಾಗಿಯೇ ಬರುತ್ತದೆ. ತೊಂದರೆ ಇಷ್ಟೇ, ಬಹಳ ಸಲ ನಗುವವರು ಬೇರೆಯವರಾಗಿರುತ್ತಾರೆ.

೧. ರೇಡಿಯೊ ಹೋಯಿತು, ಮೋಟಾರು ಬಂತು

ಎಪ್ಪತ್ತರ ದಶಕದ ಮಾತು. ಮುಂಬೈ ಗಾಡಿ ನಮ್ಮಲ್ಲಿ ನಿಂತಿತೆಂದರೆ ಎಂಜಿನ್ನು ನೀರು ಕುಡಿದು ಮುಗಿಸುವವರೆಗೆ ಪ್ಯಾಸೆಂಜರುಗಳು ಕೆಳಗಿಳಿದು ಚಹಾ ಕುಡಿಯುತ್ತಿದ್ದರು. ಹಾಗೆ ಇಳಿದ ಸೇಠಜಿಯೊಬ್ಬರು ಕೈಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಸಿಕೊಳ್ಳಲು ನನ್ನ ಅಂಗಡಿಗೆ ಬಂದರು. ಹಳೆಯ ಸಾಮಾನಿನಲ್ಲಿ ಈಗ ಯಾವುದಕ್ಕೆ ಬೆಲೆ ಬಂದಿದೆ ಎಂದು ಕೇಳಿದೆ. ಅವರು ಹಿಂದಿಯಲ್ಲಿ ಹೇಳಿದ್ದಿಷ್ಟು: ವಿಲಾಯತಿಯಲ್ಲಿ ಲೋಹದ ಎರಕ ಹೊಯ್ದು ಮಾಡಿದ ಬೆರಳುದ್ದದ ರೇಸಿನ ಮೋಟಾರುಗಳಿರುತ್ತವೆ, ಆಟದ ಕಾರುಗಳು. ಶೋಕಿಯ ಜನ ಅವನ್ನು ಕೂಡಿಸಿಡುತ್ತಾರೆ. ಬಣ್ಣ ಕಿತ್ತಿರಬಾರದು, ಮಕ್ಕಳ ಕೈ ತಾಗಿರಬಾರದು, ಕಂಪನಿಯ ಕಾಗದದ ಡಬ್ಬಿ ಜೊತೆಗಿರಬೇಕು. ಡಬ್ಬಿ ಇದ್ದರೆ ಪೂರ್ತಿ ಬೆಲೆ, ಇಲ್ಲದಿದ್ದರೆ ಅರ್ಧ.

"ಸಿಕ್ಕರೆ ಹಿಡಿದಿಡಿ, ದೀಪಾವಳಿಗೆ ಬಂದು ನಾನೇ ಕೊಳ್ಳುತ್ತೇನೆ" ಎಂದು ಹೇಳಿ ಅವರು ಗಾಡಿ ಹತ್ತಿದರು.

ನನ್ನ ದೈವ ನೋಡಿ, ಮುಂದಿನ ವಾರವೇ ಶಹಾಬಾದಿನಿಂದ ಒಬ್ಬ ಖಾನ್ಸಾಮಾ ಬಂದ. ಅವನು ಅಡಿಗೆ ಮಾಡಿ ಹಾಕುತ್ತಿದ್ದ ಪರದೇಶಿ ಎಂಜಿನಿಯರ್ ಸಾಹೇಬರು ಕೆಲಸ ಮುಗಿಸಿ ಸ್ವದೇಶಕ್ಕೆ ಹೋಗುವಾಗ ಮಗನ ಆಟಿಕೆಗಳನ್ನು ಅವನಿಗೆ ಕೊಟ್ಟು ಹೋಗಿದ್ದರು. ಅವನ ಚೀಲದಲ್ಲಿ ಐದು ರೇಸಿನ ಮೋಟಾರುಗಳು, ಐದೂ ಡಬ್ಬಿಯಲ್ಲಿ, ಹುಡುಗ ಬಿಚ್ಚಿಯೂ ನೋಡಿರಲಿಲ್ಲ! ಬೆಲೆ ಕೇಳಿದೆ.

"ರೊಕ್ಕ ಬ್ಯಾಡ್ರಿ ಅಣ್ಣಾ" ಎಂದ. "ರೊಕ್ಕ ಮನೀಗಿ ಒಯ್ದ್ರ ನಿಲ್ಲಂಗಿಲ್ಲ. ಒಂದು ರೇಡಿಯೋ ಕೊಡ್ರಿ, ಅದು ನಿಲ್ತದ."

ಅಂಗಡಿಯಲ್ಲಿ ರೇಡಿಯೊ ಇರಲಿಲ್ಲ. ಮನೆಯಲ್ಲಿ ಇತ್ತು. ಅದು ನನ್ನ ಹೆಂಡತಿಯ ಜೀವ. ಸಂಜೆ ರೊಟ್ಟಿ ಬಡಿಯುವಾಗ ಅದು ಹಾಡಲೇಬೇಕು. ಹಾಡಿನ ತಾಳಕ್ಕೆ ರೊಟ್ಟಿ ಬೀಳುತ್ತಿತ್ತು, ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂಡುತ್ತಿದ್ದರು. ಅವಳು ನೀರಿಗೆ ಹೋದ ಹೊತ್ತು ನೋಡಿ ರೇಡಿಯೊ ಎತ್ತಿ ಕೊಟ್ಟುಬಿಟ್ಟೆ. ಹಳೆಯದಲ್ಲವೇ ಎಂದು ಅವನು ಅನುಮಾನಿಸಿದಾಗ, ಹಳೆಯ ಮಾಲಿನ ಬೆಲೆ ವರ್ಷ ವರ್ಷ ಏರುತ್ತದೆ ಎಂದು ಉಪದೇಶವನ್ನೂ ಮಾಡಿದೆ. ದೀಪಾವಳಿಗೆ ಇದಕ್ಕಿಂತ ದೊಡ್ಡದು ತಂದರಾಯಿತಲ್ಲ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದರಲ್ಲಿ ನಾನು ಯಾವಾಗಲೂ ಮುಂದು.

ಅವಳು ಕೊಡ ಇಳಿಸಿ, ಗೋಡೆಯಲ್ಲಿ ರೇಡಿಯೊ ಇಡುತ್ತಿದ್ದ ಖಾಲಿ ಗೂಡನ್ನು ನೋಡಿದಳು. ನಾನು ಐದು ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲ ವಿವರಿಸಿದೆ. ಅವಳು ಕೆಂಪು ಮೋಟಾರನ್ನು ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಿ ಕೇಳಿದಳು:

"ಇದ್ರಾಗ ಹಾಡು ಯಾ ಕಡಿಂದ ಬರ್ತದ್ರೀ?"

೨. ಡಬ್ಬಿಗಳಿಗೆ ಸಂಸಾರ ಹತ್ತಿದ್ದು

ದೀಪಾವಳಿ ಬಂತು, ಸೇಠಜಿ ಬರಲಿಲ್ಲ. ದೀಪಾವಳಿಗೆ ಬರುತ್ತೇನೆ ಎಂದಿದ್ದರೇ ಹೊರತು ಯಾವ ದೀಪಾವಳಿ ಎಂದು ಅವರು ಹೇಳಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ದಿನದಿಂದ ದಿನಕ್ಕೆ ಜೋರಾಗುತ್ತ ಹೋಯಿತು.

ಒಂದು ದಿನ ನೋಡುತ್ತೇನೆ, ಮೂರು ಮೋಟಾರುಗಳು ಗೂಡಿನಲ್ಲಿ ಬರಿಮೈಯಲ್ಲಿ ನಿಂತಿವೆ. ಅಡಿಗೆ ಮನೆಗೆ ಓಡಿದೆ. ಒಂದು ಡಬ್ಬಿಯಲ್ಲಿ ಅರಿಶಿನ, ಒಂದರಲ್ಲಿ ಲವಂಗ, ಮೂರನೆಯದರಲ್ಲಿ ಸೂಜಿ ದಾರ.

"ಏನ್ ಮಾಡೀದಿ ಇದು! ಡಬ್ಬಿ ಕೆಟ್ರ ಬೆಲಿ ಅರ್ಧ ಆಗ್ತದಲ್ಲ!"

"ಅಂದ್ರ ಅರ್ಧ ಬೆಲಿ ಖಾಲಿ ಡಬ್ಬಿದು ಅಂದಂಗಾತು" ಎಂದಳು ಒಲೆಯಿಂದ ಮುಖ ಎತ್ತದೆ.

"ಹೌದು ಮತ್ತ!"

"ಹಂಗಾರ ನಮ್ಮ ರೇಡಿಯೋದ ಖಾಲಿ ಡಬ್ಬಿ ಇನ್ನೂ ಅಟ್ಟದ ಮ್ಯಾಲ ಅದ. ಅದನ್ನ ಒಯ್ದು ಮಾರ್ರಿ, ಬಂದ ರೊಕ್ಕದಾಗ ಅರ್ಧ ರೇಡಿಯೋ ತರ್ರಿ."

೩. ಬೋಗಾರರ ತಕ್ಕಡಿ

ಮುಂಬೈ ಗಿರಾಕಿ ಬರದಿದ್ದರೇನು, ಊರ ಗಿರಾಕಿಗೆ ಬರವೇ ಎಂದುಕೊಂಡು ಮೋಟಾರುಗಳನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟೆ. ಮೊದಲು ಬಂದವರು ಚಿತ್ತಾಪುರದ ಬೋಗಾರರು, ಹಿತ್ತಾಳೆ ತಾಮ್ರದ ಪಾತ್ರೆ ಮಾರುವವರು. ಹಳೆಯ ಪಾತ್ರೆ ತೂಗಿ ಹೊಸದು ಕೊಟ್ಟೇ ಅವರ ತಲೆ ನೆರೆತಿತ್ತು. ನಾನು ಬೆಲೆ ಹೇಳುವ ಮೊದಲೇ ಒಂದು ಮೋಟಾರನ್ನು ತೆಗೆದು ಉಗುರಿನಿಂದ ಬಡಿದು ನಾದ ಕೇಳಿದರು.

"ಇದು ಹಿತ್ತಾಳಿ ಅಲ್ರಿ, ತಾಮ್ರ ಅಲ್ಲ. ಬರೇ ಜಸ್ತ. ಐದೂ ಕೊಟ್ರ ಒಂದು ಚಮಚಾ ಕೊಡ್ತೀನಿ."

"ಇದು ತೂಕದ ಮಾಲಲ್ರಿ ಯಜಮಾನ್ರ. ವಿಲಾಯತಿಯೊಳಗ ರೇಸಿಗಿ ಓಡೋ ಗಾಡೀದು ಪಡಿಯಚ್ಚು."

ಬೋಗಾರರು ಕನ್ನಡಕ ಏರಿಸಿ ಒಳಗೆ ಇಣುಕಿದರು. "ಕುಂದ್ರಲಿಕ್ಕ ಜಾಗಾ ಒಂದೇ ಅದಲ್ಲ?"

"ರೇಸಿನ ಗಾಡ್ಯಾಗ ಒಬ್ಬನೇ ಕುಂದ್ರೋದ್ರಿ."

"ಹೆಂಡ್ತಿ?"

"ಹೆಂಡ್ತಿ ಇರಂಗಿಲ್ರಿ."

ಅವರು ಮೋಟಾರನ್ನು ಮೆಲ್ಲಗೆ ಕೆಳಗಿಟ್ಟರು. "ಅದಕ್ಕೇ ಅಷ್ಟು ಜೋರ್ ಓಡ್ತದ" ಎಂದು ನಿಟ್ಟುಸಿರು ಬಿಟ್ಟು ತಕ್ಕಡಿ ಎತ್ತಿಕೊಂಡು ಹೋದರು.

೪. ತಲೆಗೆ ಪಟ್ಟಿ

ಚಿಂಚೋಳಿ ಕಡೆಯ ಗುತ್ತಿಗೆದಾರರೊಬ್ಬರಿಗೆ, ತಮಗೆ ಗುತ್ತಿಗೆ ಕೊಡುವ ಸರ್ಕಾರಿ ಸಾಹೇಬರ ಮಗನ ಹುಟ್ಟುಹಬ್ಬಕ್ಕೆ ಏನಾದರೂ ಒಯ್ಯಬೇಕಾಗಿತ್ತು. ಡಬ್ಬಿಯಲ್ಲಿ ಉಳಿದ ಎರಡರಲ್ಲಿ ಬಿಳಿಯದು ಅವರ ಮನಸ್ಸಿಗೆ ಬಂತು. ಚೌಕಾಶಿ ಕೂಡ ಮಾಡಲಿಲ್ಲ. ಈ ದುಡ್ಡಿಗೆ ರೇಡಿಯೊದ ಅರ್ಧವಾದರೂ ಬಂತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರು ಮೋಟಾರನ್ನು ಬೆಳಕಿಗೆ ಹಿಡಿದರು. ಒಳಗೆ ಕಡಲೆಯಷ್ಟು ದೊಡ್ಡ ಡ್ರೈವರನ ಗೊಂಬೆ ಇತ್ತು, ತಲೆಗೆ ಬಿಳಿ ಟೊಪ್ಪಿಗೆ. ರೇಸಿನವರು ಹಾಕಿಕೊಳ್ಳುವ ಗಟ್ಟಿ ಟೊಪ್ಪಿಗೆ ಅದು. ನಮ್ಮ ಕಡೆ ಆಗ ಅದನ್ನು ನೋಡಿದವರು ಯಾರು?

"ಇವನ ತಲೀಗಿ ಪಟ್ಟಿ ಯಾಕ ಕಟ್ಯಾರ್ರಿ?"

"ಪಟ್ಟಿ ಅಲ್ರಿ, ಟೊಪಗಿ. ಬಿದ್ರ ತಲಿ ಒಡೀಬಾರ್ದು ಅಂತ."

"ಅಂದ್ರ ಬೀಳೋ ಗಾಡಿ ಇದು!"

"ಬೀಳಂಗಿಲ್ರಿ, ಬಿದ್ರ ಅಂತ..."

"ನನಗ ಹೇಳಬ್ಯಾಡ್ರಿ, ನಾ ಮೂರು ಜೀಪ್ ಇಟ್ಟಾಂವ. ಡ್ರೈವರ್ ದವಾಖಾನಿಯಿಂದ ಬಂದಂಗ ಕಾಣ್ಲಿಕತ್ತಾನ. ಆಕ್ಸಿಡೆಂಟ್ ಆದ ಗಾಡಿನ ಹೊಸಾ ಗಾಡಿ ಬೆಲಿಗಿ ಮಾರ್ಲಿಕತ್ತೀರಿ, ಅದೂ ಸಾಹೇಬರ ಮನೀಗಿ!"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಒಂದು ಅಲಾರಂ ಗಡಿಯಾರ ಕೊಂಡರು. ಹೋಗುವ ಮುಂದೆ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳಿದರು: "ಖರೇ ಹೇಳ್ರಿ, ಎದುರಿನ ಗಾಡಿಯವ ಉಳದಾನೋ ಇಲ್ಲೋ?"

೫. ಗಾಡಿಗೆ ಪರ್ಮಿಟ್ಟು

ಅಂತೂ ಮರುವರ್ಷ ಒಬ್ಬ ಗಿರಾಕಿ ಸಿಕ್ಕರು. ಸೇಡಂನ ಲಾರಿ ಮಾಲಕರು, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸಾಗಿಸುವವರು. ಕೆಂಪು ಮೋಟಾರನ್ನು ಕೊಂಡು ರೊಕ್ಕ ಎಣಿಸಿ ಕೈಗಿಟ್ಟರು. ನಾನು ಅದನ್ನು ಹೆಂಡತಿಗೆ ತೋರಿಸಿದೆ. ಬಹಳ ದಿನಗಳ ಮೇಲೆ ಅವಳು ಚಹಾಕ್ಕೆ ಸಕ್ಕರೆ ಸರಿಯಾಗಿ ಹಾಕಿದಳು.

ಆ ರೊಕ್ಕ ಹಿಡಿದು ಶಹಾಬಾದಿಗೆ ಹೋಗಿ ಖಾನ್ಸಾಮಾನ ಮುಂದೆ ಕೂತೆ. ನಮ್ಮ ರೇಡಿಯೊ ಅವನ ಮನೆಯ ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಹಾಡುತ್ತಿತ್ತು. ಅದೇ ರೇಡಿಯೊವನ್ನು ತಿರುಗಿ ಕೊಡು ಎಂದೆ. ಅವನು ಬಹಳ ಮರ್ಯಾದೆಯಿಂದ ಚಹಾ ಕೊಟ್ಟ.

"ಕೊಡ್ತೀನ್ರಿ ಅಣ್ಣಾ. ಆದ್ರ ಇದು ಈಗ ಹಳೇದಾಗ್ಯಾದ. ಹಳೇ ಮಾಲಿನ ಬೆಲಿ ವರ್ಷಾ ವರ್ಷಾ ಏರ್ತದ ಅಂತ ನೀವೇ ಹೇಳಿದ್ರಲ್ಲ? ದುಪ್ಪಟ್ಟು ಕೊಡ್ರಿ."

ವಿದ್ಯೆ ಕಲಿಸಿದ ಗುರುವಿಗೇ ತಿರುಮಂತ್ರ! ಬರಿಗೈಯಲ್ಲಿ ಬಂದೆ. ಇನ್ನೊಂದು ಮೋಟಾರು ಮಾರಿದರೆ ಆಯಿತು ಎಂದು ಹೆಂಡತಿಗೆ ಸಮಾಧಾನ ಹೇಳಿದೆ.

ಮಾನವಮಿ ಮುಗಿದ ಮರುದಿನ ಲಾರಿ ಮಾಲಕರು ಮತ್ತೆ ಬಂದರು. ಕೈಯಲ್ಲಿ ಕೆಂಪು ಮೋಟಾರು. ಅದನ್ನು ಕೆಂಪು ಎಂದು ನಾನು ನೆನಪಿನ ಮೇಲೆ ಹೇಳುತ್ತಿದ್ದೇನೆ. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ತಮ್ಮ ಲಾರಿಗಳಿಗೆ ಬಣ್ಣ ಹೊಡೆಸುವಾಗ ಅದನ್ನೂ ಪೇಂಟರನ ಕೈಗೆ ಕೊಟ್ಟಿದ್ದರು. ಮೂತಿಗೆ ಎರಡು ಕಣ್ಣು, ಎರಡೂ ಬದಿಗೆ ನವಿಲು, ಬಾಲಕ್ಕೆ ಕರಿ ಗೊಂಡೆ, ದೃಷ್ಟಿಯಾಗದಂತೆ ಟಯರಿನ ರಬ್ಬರಿನಲ್ಲಿ ಕತ್ತರಿಸಿದ ಅಕ್ಕಿ ಕಾಳಿನಷ್ಟು ಚಪ್ಪಲಿ, ಹಿಂದೆ 'ಹಾರ್ನ್ ಹೊಡೆಯಿರಿ', ಹಣೆಯ ಮೇಲೆ ಬಾಡಿಗೆ ಲಾರಿಗಳಿಗಿರುವಂತೆ ನಂಬರು ಮತ್ತು 'ಪಬ್ಲಿಕ್ ಕ್ಯಾರಿಯರ್'. ಇಡೀ ಮೈಗೆ ಹಳದಿ ಬಣ್ಣ, ಅದರ ಮೇಲೆ ಕುಂಕುಮ, ವಿಭೂತಿ.

ನನಗೆ ಕಣ್ಣೀರು ಬರುವುದೊಂದು ಬಾಕಿ. "ಏನಿದು ಮಾಲಕ್ರ!"

"ಮಸ್ತ್ ಆಗ್ಯಾದಿಲ್ಲೋ? ಸಣ್ಣ ಮಗಳ ಲಗ್ನ ಗೊತ್ತಾಗ್ಯಾದ್ರಿ, ಖರ್ಚಿಗಿ ಬೇಕು. ತಿರಗಿ ತಗೋರಿ. ನಾ ಕೊಟ್ಟದ್ದು ಅಷ್ಟೇ ಅಲ್ಲ, ಪೇಂಟಿಂದೂ ಸೇರಿಸಿ ಕೊಡ್ರಿ."

"ಬಣ್ಣ ಬಡದ್ರ ಇದರ ಬೆಲಿ ಹೋಗ್ತದ್ರಿ!"

"ಹೋಗ್ತದ?" ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ನೀವು ಕೊಟ್ಟಾಗ ಇದಕ್ಕ ನಂಬರ್ ಇತ್ತ? ಪರ್ಮಿಟ್ ಇತ್ತ? ಈಗ ಪಬ್ಲಿಕ್ ಕ್ಯಾರಿಯರ್ ಆಗ್ಯಾದ. ಬೇಕಾದ್ರ ನಾಳಿಂದ ಕಲ್ಲು ಹೊರಸ್ರಿ!"

ಪೇಂಟಿನದು ಕೊಡಲಿಲ್ಲ. ಆದರೆ ಅವರು ಕೊಟ್ಟಿದ್ದನ್ನು ತಿರುಗಿ ಕೊಡದೆ ಗತಿ ಇರಲಿಲ್ಲ, ಮಗಳ ಮದುವೆ ಎಂದ ಮೇಲೆ ಏನು ಮಾಡುವುದು? ರೇಡಿಯೊ ಮತ್ತೆ ದೂರ ಸರಿಯಿತು. ಆ ಸಂಜೆ ತಲೆಯ ಮೇಲೆ ಕೈ ಹೊತ್ತು ಕೂತೆ. ಹೆಂಡತಿ ಬಂದು ಹಳದಿ ಮೋಟಾರನ್ನು ಅಂಗೈ ಮೇಲಿಟ್ಟುಕೊಂಡಳು. ಆ ಐದರಲ್ಲಿ ಒಂದನ್ನಾದರೂ ಅವಳು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

"ಈಗ ನೋಡ್ರಿ, ಇದು ಗಾಡಿ ಹಂಗ ಕಾಣ್ತದ" ಎಂದು ಒಯ್ದು ದೇವರ ಜಗಲಿಯ ಮೇಲಿಟ್ಟಳು.

೬. ಎಂಜಿನ್ನು ನೀರು ಕುಡಿಯುವಷ್ಟರಲ್ಲಿ

ಅದೇ ದೀಪಾವಳಿಗೆ ಸೇಠಜಿ ಬಂದೇಬಿಟ್ಟರು! ಕಿವಿಗೆ ಒಂದು ಟ್ರಾನ್ಸಿಸ್ಟರ್ ಹಿಡಿದು, ಕ್ರಿಕೆಟ್ ಕಾಮೆಂಟರಿ ಕೇಳುತ್ತ ಅಂಗಡಿಯ ಮೆಟ್ಟಿಲು ಹತ್ತಿದರು. ನಾನು ಗಾಜಿನ ಪೆಟ್ಟಿಗೆ ತೆಗೆದು, ಡಬ್ಬಿಯಲ್ಲಿದ್ದ ಎರಡನ್ನು ಮುಂದಿಟ್ಟೆ, ಬಿಳಿಯದು ಮತ್ತು ನೀಲಿಯದು. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ, ಮಗುವಿನ ಉಸಿರು ಕೂಡ ತಾಗಿಲ್ಲ.

ಅವರು ಒಂದು ಕಣ್ಣಿನಿಂದ ನೋಡಿದರು. "ಇವೆಲ್ಲ ಈಗ ಮುಂಬೈಯ ಫುಟ್‌ಪಾತಿನಲ್ಲಿ ರಾಶಿ ಬಿದ್ದಿವೆ. ಹಡಗು ತುಂಬಿ ಬಂದವು. ಯಾರೂ ಕೇಳುತ್ತಿಲ್ಲ" ಎಂದರು.

ನನ್ನ ಕಾಲ ಕೆಳಗಿನ ಫರ್ಸಿ ಜಾರಿದಂತಾಯಿತು. ವರ್ಷಕ್ಕೂ ಹೆಚ್ಚು ರೊಟ್ಟಿಯ ಸಪ್ಪಳ ಕೇಳಿದ್ದು ಇದಕ್ಕೋ? ಅಂಗಡಿಯ ಹಿಂದೆಯೇ ನಮ್ಮ ಮನೆ. ಹಬ್ಬದ ದಿನ ಮನೆಗೆ ಬಂದವರನ್ನು ಹಾಗೇ ಕಳಿಸಬಾರದೆಂದು ಒಳಗೆ ಕರೆದೆ. ಹೆಂಡತಿ ಚಹಾ, ಚಕ್ಕುಲಿ ತಂದಿಟ್ಟಳು. ಚಕ್ಕುಲಿ ಮುರಿಯುತ್ತ ಸೇಠಜಿ ದೇವರ ಜಗಲಿಯ ಕಡೆ ನೋಡಿದವರು ಮುರಿಯುವುದನ್ನು ಮರೆತರು.

"ಅದೇನದು?"

ತೆಗೆದು ತೋರಿಸಿದೆ. ನವಿಲು ನೋಡಿದರು, ಗೊಂಡೆ ನೋಡಿದರು, ಚಪ್ಪಲಿಯನ್ನು ಬೆರಳಿನಿಂದ ತೂಗಿ ನೋಡಿದರು. 'ಪಬ್ಲಿಕ್ ಕ್ಯಾರಿಯರ್' ಓದಿ ಕೂತಲ್ಲೇ ಕುಣಿದರು. "ಇಂಥಾದ್ದು ಇಡೀ ದುನಿಯಾದಲ್ಲಿ ಇನ್ನೊಂದಿಲ್ಲ! ಇದನ್ನು ಕೊಡಿ, ಬಾಕಿ ಎಲ್ಲ ನೀವೇ ಇಟ್ಟುಕೊಳ್ಳಿ!"

ನಾನು ಕೊಟ್ಟೇಬಿಡುತ್ತಿದ್ದೆ. ಹೆಂಡತಿ ಅಡ್ಡ ಬಂದಳು. "ಪೂಜಿ ಆದದ್ದು ಮಾರಂಗಿಲ್ಲ ಅಂತ ಹೇಳ್ರಿ ಅವರಿಗಿ."

ಸ್ಟೇಶನ್ನಿನಲ್ಲಿ ಎಂಜಿನ್ನು ಒಂದು ಸಿಳ್ಳು ಹಾಕಿತು. ಸೇಠಜಿ ಒಂದು ಬೆಲೆ ಹೇಳಿದರು. ಅವಳು ತಲೆಯಾಡಿಸಿದಳು. ಎರಡನೆಯ ಸಿಳ್ಳಿಗೆ ಬೆಲೆ ಏರಿಸಿದರು. ಅದು ಕೇಳಿ ನನಗೆ ಬೆವರು ಬಂತು. ಅವಳಿಗೆ ಏನೂ ಬರಲಿಲ್ಲ. ಅವಳ ಕಣ್ಣು ರೊಕ್ಕದ ಮೇಲಿರಲೇ ಇಲ್ಲ. ಕಾಮೆಂಟರಿ ಮುಗಿದು ಸೇಠಜಿಯ ಕೈಯೊಳಗಿನ ಟ್ರಾನ್ಸಿಸ್ಟರು ಆಗ ತಾನೇ ಹಾಡು ಶುರು ಮಾಡಿತ್ತು.

"ಅದನ್ನ ಕೊಟ್ರ, ಇದನ್ನ ಕೊಡ್ತೀನಿ" ಎಂದು ಬೆರಳು ಮಾಡಿದಳು.

ಸೇಠಜಿ ಟ್ರಾನ್ಸಿಸ್ಟರ್ ನೋಡಿದರು, ಮೋಟಾರು ನೋಡಿದರು. ಅಷ್ಟರಲ್ಲಿ ಗಾಡಿ ಅಲುಗಿತು. ಟ್ರಾನ್ಸಿಸ್ಟರನ್ನು ಅವಳ ಕೈಗೆ ತುರುಕಿ, ಮೋಟಾರನ್ನು ಎದೆಗೆ ಅವಚಿಕೊಂಡು, ಆ ದೊಡ್ಡ ಮೈಯ ಮನುಷ್ಯ ಪ್ಲಾಟ್‌ಫಾರ್ಮಿನ ಕಡೆ ಓಡಿದ ಓಟ ಯಾವ ರೇಸಿಗೂ ಕಡಿಮೆ ಇರಲಿಲ್ಲ. ರೈಲಿನ ಡಬ್ಬಿ ಹತ್ತಿ ಕಿಟಕಿಯಿಂದ ಕೈ ಬೀಸಿದರು.

ಹಾಡುವ ಟ್ರಾನ್ಸಿಸ್ಟರನ್ನು ಹಿಡಿದು ನನ್ನ ಹೆಂಡತಿ ನಗುತ್ತಿದ್ದಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಮನೆಗೆ ಹಾಡು ತಿರುಗಿ ಬಂದಿತ್ತು. ಆದರೆ ಅವಳು ಟ್ರಾನ್ಸಿಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿದವಳು ಒಮ್ಮೆಲೇ ಗಾಬರಿಯಾದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಬ್ಬದ ಸೀರೆಯಲ್ಲೇ ಓಡುವ ಗಾಡಿಯ ಬೆನ್ನು ಹತ್ತಿ ಕೂಗತೊಡಗಿದಳು:

"ಸೇಠಜೀ! ಏ ಸೇಠಜೀ! ಇದರ ಖಾಲಿ ಡಬ್ಬಿ ಕಿಟಕ್ಯಾಗಿಂದ ಒಗೀರಿ! ಅದಿಲ್ಲಂದ್ರ ಬೆಲಿ ಅರ್ಧ ಆಗ್ತದ!"