ಯಾರೂ ಕಾಣದ ಶಿಖರ

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಫಿ ಲೋಟ ಹಿಡಿದುಕೊಂಡೇ ಬಂದು, ಮೇಜಿನ ಮೇಲೆ ಹರಡಿದ್ದ ದೊಡ್ಡ ಫೋಟೋದಲ್ಲಿ ಏನೋ ಕಲೆ ಇದ್ದ ಹಾಗಿದೆಯಲ್ಲ ಎಂದು ಬಗ್ಗಿದರು. ಅಲ್ಲಿಯವರೆಗೆ ಇರಲಿಲ್ಲ. ಬಗ್ಗಿದ ಮೇಲೆ ಆಯಿತು.

ಫೋಟೋದ ಒಡೆಯನನ್ನು ಬೀದಿಯವರು ಶಿಖರಪ್ಪ ಎನ್ನುತ್ತಿದ್ದರು. ಉತ್ತರದ ಹಿಮಪರ್ವತಗಳನ್ನು ಬಿಟ್ಟು ಬೇರೇನನ್ನೂ ತೆಗೆಯುವುದಿಲ್ಲವೆಂದು ಶಪಥ ಮಾಡಿದ ಮಹಾನುಭಾವ. ಸ್ವಂತ ಭಾವಮೈದುನನ ಮದುವೆಯಲ್ಲೂ ಅವನ ಕ್ಯಾಮೆರಾ ಚೀಲದಿಂದ ಹೊರಬಂದಿರಲಿಲ್ಲ. ಪರ್ವತ ಸುಳ್ಳು ಹೇಳುವುದಿಲ್ಲ, ನನ್ನ ಕ್ಯಾಮೆರಾವೂ ಹೇಳುವುದಿಲ್ಲ ಎಂಬ ಅವನ ಭಾಷಣ ಹೆಂಡತಿಗೆ ಬಾಯಿಪಾಠವಾಗಿತ್ತು.

ಅಂದು ಸಂಜೆಯೇ ಅವನ ಮೊದಲ ಪ್ರದರ್ಶನ. ಹಾಳಾದದ್ದು ಅದರ ಮುಖ್ಯ ಚಿತ್ರ, 'ಯಾರೂ ಕಾಣದ ಶಿಖರ'. ಇನ್ನೊಂದು ಪ್ರತಿ ತೆಗೆಸೋಣವೆಂದರೆ ಹಳೆಯ ಚಿತ್ರಗಳಿದ್ದ ಹಾರ್ಡ್ ಡಿಸ್ಕ್ ಹೋದ ವರ್ಷವೇ ಕಣ್ಣು ಮುಚ್ಚಿತ್ತು. ಹಿಮದಲ್ಲಿ ಸ್ವಲ್ಪ ಕಂದು ಬಣ್ಣವಿದ್ದರೆ ಸಹಜವಾಗಿ ಕಾಣುತ್ತದೆಂದು ಮೇಷ್ಟ್ರು ಸಮಾಧಾನ ಹೇಳಿದರು.

"ಹಿಮ ಅಂದ್ರೆ ಬಿಳಿ ತಾನೇ? ಡಬ್ಬದಲ್ಲಿ ಹಿಟ್ಟಿದೆ, ಸುರಿದು ಫೋಟೋ ತೆಕ್ಕೊಳ್ಳಿ" ಎಂದಳು ಹೆಂಡತಿ.

ಶಿಖರಪ್ಪ ಅವಳನ್ನು ಸುಟ್ಟುಬಿಡುವವನಂತೆ ನೋಡಿದ. ಮಧ್ಯಾಹ್ನದ ಹೊತ್ತಿಗೆ ತಾನೇ ಡಬ್ಬ ಇಳಿಸಿದ. ತಟ್ಟೆಯಲ್ಲಿ ಹಿಟ್ಟು ಗುಡ್ಡೆಯಾಯಿತು, ಚಮಚದ ಹಿಡಿಯಿಂದ ಕಣಿವೆಗಳು ಮೂಡಿದವು, ಟೇಬಲ್ ಲ್ಯಾಂಪು ಸೂರ್ಯನಾಯಿತು. ಮಂಜು ಎಬ್ಬಿಸುತ್ತೇನೆಂದು ಊದಲು ಬಂದ ಮೇಷ್ಟ್ರು ಸೀನಿಬಿಟ್ಟರು, ಎಡಮಗ್ಗುಲು ಕುಸಿಯಿತು. ಕುಸಿದ ಮೇಲೆ ಇನ್ನೂ ಚೆನ್ನಾಗಿ ಕಂಡಿತು. ಪ್ರಿಂಟ್ ಹಾಕಿಸಿ, ಚೌಕಟ್ಟಿನ ಗಾಜು ಒರೆಸಿ ತೂಗುಹಾಕಿದ.

ಸಂಜೆ ಉದ್ಘಾಟನೆಗೆ ಬಂದವರು ಪರ್ವತಾರೋಹಣ ಸಂಘದ ವೃದ್ಧ ಅಧ್ಯಕ್ಷರು. ಉಳಿದ ಚಿತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ ನೋಡುತ್ತ ಬಂದವರು ಹಿಟ್ಟಿನ ಮುಂದೆ ನಿಂತುಬಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇದನ್ನ ನಾನು ಹತ್ತಿದ್ದೀನಿ" ಎಂದರು. "ಎಡಗಡೆ ಕುಸಿದಿದೆಯಲ್ಲ, ಅಲ್ಲೇ ನನ್ನ ಕಾಲಿನ ಹೆಬ್ಬೆರಳು ಹೋಗಿದ್ದು."

ಸಭೆ ಗದ್ಗದಿತವಾಯಿತು. ಮೇಷ್ಟ್ರೂ ಕಣ್ಣೊರೆಸಿಕೊಂಡರು, ಆ ಕುಸಿತ ತಮ್ಮ ಸೀನಿನದೇ ಎಂಬುದನ್ನು ಮರೆತು. ನಮ್ಮನ್ನೂ ಅಲ್ಲಿಗೆ ಕರೆದೊಯ್ಯಿರೆಂದು ಸಂಘದವರು ದುಂಬಾಲು ಬಿದ್ದರು. ಚಪ್ಪಾಳೆಯ ಭರದಲ್ಲಿ ಅಧ್ಯಕ್ಷರು ಮುಂದಿನ ತಿಂಗಳೇ ಹೊರಡೋಣ ಎಂದುಬಿಟ್ಟರು.

ಆಮೇಲೆ ಶಿಖರಪ್ಪನ ತೋಳು ಹಿಡಿದು ಕಂಬದ ಮರೆಗೆ ಎಳೆದರು.

"ನಿಜ ಹೇಳಪ್ಪ, ಆ ಬೆಟ್ಟ ಎಲ್ಲಿದೆ? ನಾನು ಜನ್ಮದಲ್ಲಿ ಒಂದು ದಿಣ್ಣೆನೂ ಹತ್ತಿದವನಲ್ಲ. ಬೆರಳು ಹೋಗಿದ್ದು ಸ್ಕೂಟರಿಂದ ಬಿದ್ದು."

ಮುಳುಗುವವನಿಗೆ ಜೊತೆ ಸಿಕ್ಕಿದಷ್ಟು ಹಗುರವಾಯಿತು ಶಿಖರಪ್ಪನಿಗೆ. "ಸಾರ್, ಅದು ನಮ್ಮ ಅಡುಗೆಮನೆಲಿದೆ. ಬರೀ ಹಿಟ್ಟು" ಎಂದು ಎಲ್ಲವನ್ನೂ ಹೇಳಿಬಿಟ್ಟ. ಇನ್ನು ಇಬ್ಬರೂ ಒಟ್ಟಿಗೆ ಹೋಗಿ ಕ್ಷಮೆ ಕೇಳಿದರಾಯಿತು ಎಂದುಕೊಂಡ.

ಅಧ್ಯಕ್ಷರು ಗಲ್ಲ ತುರಿಸಿಕೊಂಡರು. ಮುಖದಲ್ಲಿ ನಿಧಾನವಾಗಿ ಕಳೆ ಬಂತು.

"ಅಂದ್ರೆ ದಾರಿ ಗೊತ್ತಿರೋದು ನಿನಗೊಬ್ಬನಿಗೇ."

ತಡೆಯುವಷ್ಟರಲ್ಲಿ ಅವರು ವೇದಿಕೆಯ ಮೆಟ್ಟಿಲನ್ನು ಹುಡುಗನಂತೆ ಹತ್ತಿ ಮೈಕು ಹಿಡಿದಾಗಿತ್ತು. ತಮ್ಮ ಮಂಡಿ ನೋವಿನ ಕಾರಣ ತಂಡದ ನಾಯಕತ್ವವನ್ನು ಆ ಶಿಖರವನ್ನು ಇಂಚಿಂಚೂ ಬಲ್ಲ ಈ ಸತ್ಯಸಂಧ ಕಲಾವಿದರಿಗೇ ಒಪ್ಪಿಸುತ್ತಿರುವುದಾಗಿ ಘೋಷಿಸಿದರು.

ಎಲ್ಲರಿಗಿಂತ ಮೊದಲು ಎದ್ದು ಹೆಸರು ಕೊಟ್ಟವರು ಮೇಷ್ಟ್ರು.