ವಿಮಾನಕ್ಕೆ ನಾನು ಆರಿಸಿದ ಮೋಟಾರು

ನಾನು ಲೆಕ್ಕ ಹಾಕಿದ ಯಾವುದೂ ಇದುವರೆಗೆ ಬಿದ್ದಿಲ್ಲ. ಮೂವತ್ತೊಂದು ವರ್ಷ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೇತುವೆ ವಿನ್ಯಾಸ ಕಲಿಸಿದ್ದೇನೆ. ಹನ್ನೊಂದು ಸೇತುವೆಗಳ ನಕ್ಷೆಗೆ ಸಹಿ ಹಾಕಿದ್ದೇನೆ; ಹನ್ನೊಂದೂ ನಿಂತ ಜಾಗದಲ್ಲೇ ನಿಂತಿವೆ. ಹೀಗಿರುವಾಗ ಮುಷ್ಟಿಯೊಳಗೆ ಹಿಡಿಸುವ ಒಂದು ಮೋಟಾರು ಆರಿಸಲು ನನ್ನ ಯಜಮಾನರು ಅಂಗಡಿಯವನ ಸಲಹೆ ಕೇಳಲು ಹೊರಟರೆ ನಾನು ಸುಮ್ಮನಿರಬೇಕೆ? ಆ ಕೆಲಸ ನನಗೆ ಬಿಡಿ ಎಂದೆ. ಅದು ಕೋರಿಕೆಯಾಗಿರಲಿಲ್ಲ.

ಯಜಮಾನರು ನಿವೃತ್ತ ದಂತವೈದ್ಯರು. ನೋಡಲು ಬಾಯಿಗಳಿಲ್ಲದೆ ಕೈ ಕಡಿಯತೊಡಗಿದಾಗ ಮಾದರಿ ವಿಮಾನ ಕಟ್ಟಲು ಕೂತರು. ಹಲ್ಲು ಕೊರೆಯುವ ಸಲಕರಣೆಯಲ್ಲೇ ಹಗುರ ಮರದ ಪಟ್ಟಿಗಳನ್ನು ಕೊರೆದು, ಒಂದೂವರೆ ಮೀಟರ್ ರೆಕ್ಕೆಯ ವಿಮಾನವನ್ನು ಏಳು ತಿಂಗಳಲ್ಲಿ ಊಟದ ಮೇಜಿನ ಮೇಲೆ ಎಬ್ಬಿಸಿದರು. ಆ ಏಳು ತಿಂಗಳೂ ನಾವು ಅಡಿಗೆಮನೆಯ ಕಟ್ಟೆಯ ಮುಂದೆ ನಿಂತು ಊಟ ಮಾಡಿದೆವು. ಒಂದು ಮಾತು ಒಪ್ಪಬೇಕು, ವಿಮಾನ ಚೆನ್ನಾಗಿತ್ತು. ತೂಕ ಏಳುನೂರು ಗ್ರಾಂ. ಕಿಟಕಿ ತೆರೆದರೆ ಮೇಜಿನ ಮೇಲೇ ಹೊರಳುತ್ತಿತ್ತು.

ಇದು ಬರೀ ಹೊತ್ತು ಕಳೆಯುವ ವಿಷಯವಲ್ಲ. ಊರಾಚೆಯ ಮೈದಾನದಲ್ಲಿ ಮಾದರಿ ವಿಮಾನದವರ ಕ್ಲಬ್ಬೊಂದಿದೆ. ಸದಸ್ಯರಾಗಬೇಕಾದರೆ ಕಾರ್ಯದರ್ಶಿಯ ಎದುರಿಗೆ ವಿಮಾನ ಏರಿಸಿ, ಎರಡು ಸುತ್ತು ಹಾಕಿಸಿ, ಮುರಿಯದೆ ಇಳಿಸಬೇಕು. ವರ್ಷಕ್ಕೆ ಮೂರೇ ಅವಕಾಶ. ಕೊಂಡು ತಂದ ವಿಮಾನಗಳಲ್ಲಿ ಯಜಮಾನರು ಎರಡನ್ನು ಮುಗಿಸಿದ್ದರು. ಒಂದು ಮರದ ಮೇಲೆ, ಇನ್ನೊಂದು ಕಾರ್ಯದರ್ಶಿಯ ಕಾರಿನ ಮೇಲೆ. ಮೂರನೆಯದಕ್ಕೆ ಎರಡು ವಾರ ಉಳಿದಿತ್ತು. ಎಪ್ಪತ್ತಮೂರು ದಾಟಿದವರು ಮುಂದಿನ ವರ್ಷ ನೋಡೋಣ ಎಂದು ಸಲೀಸಾಗಿ ಹೇಳುವುದಿಲ್ಲ.

ಅಂಗಡಿಯವನು ವಿಮಾನದ ತೂಕ ಕೇಳಿ, ನಿಂಬೆಹಣ್ಣಿನ ಗಾತ್ರದ ಮೋಟಾರೊಂದನ್ನು ಗಾಜಿನ ಮೇಲಿಟ್ಟ. ಇದು ಧಾರಾಳ ಸಾಕು ಎಂದ. ಸಾಕು ಎನ್ನುವ ಪದ ನನ್ನ ತರಗತಿಯಲ್ಲಿ ನಿಷಿದ್ಧವಾಗಿತ್ತು. ಸೇತುವೆಯ ಮೇಲೆ ಹತ್ತು ಲಾರಿ ಬರುತ್ತವೆಂದರೆ ಇಪ್ಪತ್ತಕ್ಕೆ ಕಟ್ಟಬೇಕು. ಅದಕ್ಕೆ ಸೇಫ್ಟಿ ಫ್ಯಾಕ್ಟರ್ ಎನ್ನುತ್ತಾರೆ. ಎದುರುಗಾಳಿ ಬೀಸಿದರೆ ಏನು ಮಾಡುತ್ತೀಯಪ್ಪ ಎಂದು ಕೇಳಿದೆ. ಅವನು ಗಾಜು ಒರೆಸತೊಡಗಿದ. ಎರಡರಷ್ಟು ಶಕ್ತಿಯದನ್ನು ತಂದೆ.

ಎರಡರಷ್ಟು ಶಕ್ತಿಯ ಮೋಟಾರಿಗೆ ಎರಡರಷ್ಟು ಬ್ಯಾಟರಿ ಬೇಕು. ಬ್ಯಾಟರಿ ಕೂರಿಸಿದ ಮೇಲೆ ವಿಮಾನದ ತೂಕ ಏರಿತು. ತೂಕ ಏರಿದರೆ ಮೋಟಾರು ಸಾಲದು. ಮತ್ತೆ ಅಂಗಡಿಗೆ ಹೋದೆ. ಹೊಸ ಮೋಟಾರಿಗೆ ಮೂತಿಯ ಮರ ಅದುರಿತು. ಉಕ್ಕಿನ ಪಟ್ಟಿ ಬಿಗಿದೆ. ಮೂತಿ ಭಾರವಾಗಿ ವಿಮಾನ ಮುಗ್ಗರಿಸಿತು. ಬಾಲಕ್ಕೆ ಸೀಸ ಬೇಕಾಯಿತು. ಎಕ್ಸ್‌ರೇ ತೆಗೆಯುವಾಗ ಹೊದೆಸುತ್ತಿದ್ದ ಸೀಸದ ಏಪ್ರನ್ ಬೀರುವಿನಲ್ಲಿ ಮಡಚಿ ಬಿದ್ದಿತ್ತು; ಅದನ್ನು ಕತ್ತರಿಸಿ ತುಂಬಿದೆವು. ಈ ಭಾರಕ್ಕೆ ರೆಕ್ಕೆ ಬಾಗಿತು. ಬಾಗುವ ವಸ್ತುಗಳ ವಿಷಯದಲ್ಲಿ ನಾನು ಪರಿಣತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಲ್ಯೂಮಿನಿಯಂ ಕೊಳವೆ ತೂರಿಸಿದೆ. ತೂಕ ಮತ್ತೆ ಏರಿತು. ನಾಲ್ಕನೆಯ ಸಲ ನಾನು ಮೆಟ್ಟಿಲು ಹತ್ತುವುದನ್ನು ಕಂಡೇ ಅಂಗಡಿಯವನು ಏಣಿ ಹಾಕಿ ಅಟ್ಟದ ಪೆಟ್ಟಿಗೆ ಇಳಿಸಿದ. ಒಳಗೆ ಸೇಬಿನ ಗಾತ್ರದ ಮೋಟಾರಿತ್ತು. ಇದಕ್ಕಿಂತ ದೊಡ್ಡದು ಬೇಕಾದರೆ ಹಿಟ್ಟಿನ ಗಿರಣಿಯಲ್ಲಿ ವಿಚಾರಿಸಬೇಕು ಎಂದು ವಿನಯವಾಗಿಯೇ ಹೇಳಿದ.

ವಿಮಾನ ಈಗ ಮೂರು ಕಿಲೋ ಎಂಟುನೂರು ಗ್ರಾಂ. ಕಿಟಕಿಯನ್ನಲ್ಲ, ಬಾಗಿಲನ್ನೇ ತೆರೆದರೂ ಅಲುಗಲಿಲ್ಲ. ಯಜಮಾನರು ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಮೆಲ್ಲಗೆ ಇಳಿಸಿದರು.

"ಇದು ಹಾರ್ಬೇಕು ಕಣೇ," ಎಂದರು. "ನಿಲ್ಲೋದು ಬೇಕಾಗಿಲ್ಲ."

"ಮುರಿದು ಬಿದ್ರೆ ಯಾರು ಹೊಣೆ?"

"ಹಾರಿದ್ರೆ ತಾನೇ ಬೀಳೋದು?"

ವೈದ್ಯರಿಗೆ ಬಲವಿಜ್ಞಾನ ತಿಳಿಯದು ಎಂದುಕೊಂಡು ನಾನು ಮೂತಿಯ ಪಟ್ಟಿಯನ್ನು ಇನ್ನಷ್ಟು ಬಿಗಿದೆ.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಗಾಳಿಯೇ ಇರಲಿಲ್ಲ. ಕಾರ್ಯದರ್ಶಿ, ತೆಳ್ಳಗಿನ ಗಡಿಯಾರ ರಿಪೇರಿಯವರು, ತಮ್ಮ ಕಾರನ್ನು ಬಹಳ ದೂರದಲ್ಲಿ ನಿಲ್ಲಿಸಿ ಬಂದಿದ್ದರು. ಯಜಮಾನರು ರಿಮೋಟಿನ ಕಡ್ಡಿಯನ್ನು ಮುಂದೆ ತಳ್ಳಿದರು. ಮೋಟಾರು ಗರ್ಜಿಸಿತು. ಆ ಗರ್ಜನೆಗೆ ಹುಲ್ಲು ಮಲಗಿತು, ಕಾರ್ಯದರ್ಶಿಯ ಟೋಪಿ ಹಾರಿತು. ಆ ದಿನ ನಮ್ಮ ಕಡೆಯಿಂದ ಹಾರಿದ್ದು ಅದೊಂದೇ. ವಿಮಾನ ಬಾಣದಂತೆ ನೆಲದ ಮೇಲೇ ಓಡಿತು. ಮೈದಾನದ ಅರ್ಧ ದಾಟಿತು, ಮುಕ್ಕಾಲು ದಾಟಿತು, ಚಕ್ರ ಒಂದು ಬೆರಳಷ್ಟೂ ಮೇಲೇಳಲಿಲ್ಲ. ಮೋಟಾರಿನ ತಿರುಚುವ ಬಲ ಅದನ್ನು ಎಡಕ್ಕೆ ಎಳೆಯಿತು. ಯಜಮಾನರು ಬಲಕ್ಕೆ ಎಳೆದರು. ಬಲದ ಲೆಕ್ಕ ನನ್ನದು, ಮೋಟಾರೇ ಗೆದ್ದಿತು. ಮೈದಾನದ ಅಂಚಿನ ಮೋರಿಯೊಳಗೆ ಉದ್ದಕ್ಕೆ ಇಳಿದು, ಕೆಸರು ಅಗೆದು, ನಿಂತಿತು.

ಎಲ್ಲರೂ ಓಡಿದೆವು. ವಿಮಾನದ ಒಡಲು ಮೋರಿಯಲ್ಲಿತ್ತು. ರೆಕ್ಕೆ ಮಾತ್ರ ಈ ದಡದಿಂದ ಆ ದಡಕ್ಕೆ ಅಚ್ಚುಕಟ್ಟಾಗಿ ಕೂತಿತ್ತು. ಬಿರುಕಿಲ್ಲ, ಬಾಗಿಲ್ಲ. ಕ್ಲಬ್ಬಿನ ಗಿಡ್ಡ ನಾಯಿ, ಆಚೆ ದಡಕ್ಕೆ ಹೋಗಲು ಯಾವಾಗಲೂ ಅರ್ಧ ಮೈದಾನ ಸುತ್ತುವ ಪ್ರಾಣಿ, ರೆಕ್ಕೆಯನ್ನು ಒಮ್ಮೆ ಮೂಸಿತು. ಆಮೇಲೆ ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟು ದಾಟಿಹೋಯಿತು. ನನ್ನ ಹನ್ನೆರಡನೆಯ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತ್ತು.

ಯಜಮಾನರು ನಾಯಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಆ ಮುಖವನ್ನು ನಾನು ವರ್ಣಿಸುವುದಿಲ್ಲ. ಕಾರ್ಯದರ್ಶಿ ಪುಸ್ತಕ ತೆರೆದು ಮೂರನೆಯ ಅವಕಾಶದ ಎದುರು ಪೆನ್ನು ಇಟ್ಟರು. ಬದುಕಿನಲ್ಲಿ ಮೊದಲ ಬಾರಿಗೆ ನಾನು ಒಬ್ಬರನ್ನು ಬೇಡಿಕೊಂಡೆ. ಲೆಕ್ಕ ನನ್ನದು, ತಪ್ಪೂ ನನ್ನದು, ಅವರದನ್ನು ಹೊಡೆದುಹಾಕಬೇಡಿ ಎಂದೆ. ಗಡಿಯಾರದವರು ಕನ್ನಡಕದ ಮೇಲಿಂದ ನೋಡಿದರು. ಚಕ್ರ ನೆಲ ಬಿಟ್ಟ ಕ್ಷಣದಿಂದ ಪರೀಕ್ಷೆ ಶುರು ಎಂಬುದು ನಿಯಮವಂತೆ. ಇದರದು ಬಿಡಲೇ ಇಲ್ಲವಲ್ಲ, ಹಾಗಾಗಿ ಪರೀಕ್ಷೆ ನಡೆದೇ ಇಲ್ಲ ಎಂದು ಪುಸ್ತಕ ಮುಚ್ಚಿದರು.

ಮುಂದಿನ ಎರಡು ವಾರ ಊಟದ ಮೇಜಿನ ಹತ್ತಿರ ನನಗೆ ಪ್ರವೇಶವಿರಲಿಲ್ಲ. ಯಜಮಾನರು ಉಕ್ಕು, ಸೀಸ ಎಲ್ಲವನ್ನೂ ಕಿತ್ತರು. ಕೀಳುವುದರಲ್ಲಿ ಅವರ ಕೈ ಪಳಗಿದ್ದೇ. ಹಗುರವಾದ ಹೊಸ ರೆಕ್ಕೆ ಮಾಡಿದರು. ಅಂಗಡಿಗೆ ಒಬ್ಬರೇ ಹೋದರು, ಮೋಟಾರನ್ನು ಅಂಗಿಯ ಜೇಬಿನಲ್ಲಿ ತಂದರು. ಎಷ್ಟು ಶಕ್ತಿಯದು ಎಂದು ಕೇಳಿದೆ. ಸಾಕಾಗುವಷ್ಟು ಎಂದರು.

ವಿಮಾನ ಎದ್ದಿತು. ಎರಡು ಸುತ್ತು ಹಾಕಿತು. ಗಾಳಿಯೂ ಇತ್ತು, ಎದುರಿನಿಂದಲೇ. ಹಕ್ಕಿ ಇಳಿದಂತೆ ಇಳಿಯಿತು. ನನ್ನ ಕಣ್ಣಿಗೆ ಧೂಳು ಬಿದ್ದಿತ್ತು. ಅದು ನಿಜವಾಗಿಯೂ ಧೂಳೇ. ಕಾರ್ಯದರ್ಶಿ ಯಜಮಾನರ ಕೈ ಕುಲುಕಿ ಸದಸ್ಯತ್ವದ ಕಾರ್ಡು ಕೊಟ್ಟರು. ಆಮೇಲೆ ಜೇಬಿನಿಂದ ಇನ್ನೊಂದು ಕಾರ್ಡು ತೆಗೆದು ನನ್ನತ್ತ ನೀಡಿದರು.

"ನಾನು ಯಾವ ವಿಮಾನಾನೂ ಹಾರಿಸಿಲ್ವಲ್ಲ," ಎಂದೆ.

"ಅದು ಎಲ್ರಿಗೂ ಗೊತ್ತು ಮೇಡಂ. ಕಾರ್ಡ್ ಓದಿ."

ಓದಿದೆ. ನನ್ನ ಹೆಸರಿನ ಕೆಳಗೆ ದುಂಡಗೆ ಬರೆದಿತ್ತು: ಸದಸ್ಯರು, ನೆಲದ ಕಾಮಗಾರಿ ವಿಭಾಗ.