ನೀರುನಾಯಿಯ ಜಾಡಿ

ಹೆಬ್ಬಾಳದ ಜೀವಿ ವಸ್ತುಸಂಗ್ರಹಾಲಯದಲ್ಲಿರುವ ನೀರುನಾಯಿಯ ಈಲಿಯು ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯಿಂದ ಉಪ್ಪಿನಕಾಯಿ ಆಗಿರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗುವವರು ಮೊದಲು ಸರ್ಕಾರಿ ಉಗ್ರಾಣ ಕೈಪಿಡಿ ಓದಿಕೊಂಡು ಬರಲಿ, ಆಮೇಲೆ ಮಾತಾಡೋಣ. ನಾನು ಅಲ್ಲಿನ ಹೆಡ್ ಗುಮಾಸ್ತ, ಎಲ್ಲವೂ ನನ್ನ ಕಣ್ಣೆದುರೇ ನಡೆದದ್ದು.

ನಮ್ಮಲ್ಲಿ ಸತ್ತ ಪ್ರಾಣಿಗಳ ಈಲಿ, ಗುಂಡಿಗೆ, ಮಾಂಸಖಂಡಗಳನ್ನು ತುಂಡು ಮಾಡಿ ಸ್ಪಿರಿಟ್ಟು ತುಂಬಿದ ಗಾಜಿನ ಜಾಡಿಗಳಲ್ಲಿ ಕಾಪಾಡುತ್ತೇವೆ. ಯಾವ ಪ್ರಾಣಿ, ಎಲ್ಲಿ ಸಿಕ್ಕಿತು ಎಂದು ಜಾಡಿಗೆ ಚೀಟಿ ಅಂಟಿಸುವ ಕೆಲಸ ವೇದವತಿಯವರದು. ಸ್ವಂತ ತಂಗಿಯ ಮದುವೆಗೂ ಅರ್ಧ ದಿನವಷ್ಟೇ ರಜಾ ಹಾಕಿದ ಹೆಂಗಸು. ಕೆರೆ ಏರಿಯ ಮೇಲೆ ನೀರುನಾಯಿ ಸತ್ತು ಬಿದ್ದಾಗ ಸೆರಗಿನಲ್ಲಿ ಸುತ್ತಿಕೊಂಡು ಬಂದವರು ಅವರೇ. ಆಮೇಲೆ ಆ ಕೆರೆಯಲ್ಲಿ ಇನ್ನೊಂದು ಯಾರ ಕಣ್ಣಿಗೂ ಬಿದ್ದಿಲ್ಲ.

ಹೀಗಿರಲು ವಾರ್ಷಿಕ ತನಿಖೆಗೆಂದು ಚನ್ನಕೇಶವ ಎಂಬ ಅಧಿಕಾರಿ ಬಂದರು. ಜಾಡಿಗಳು ಯಾವ ಬಾಬ್ತಿಗೆ ಸೇರುತ್ತವೆಂದು ಕೈಪಿಡಿಯಲ್ಲಿ ಹುಡುಕಿದರು. ಪೀಠೋಪಕರಣ ಇತ್ತು, ಲೇಖನ ಸಾಮಗ್ರಿ ಇತ್ತು, ಕುದುರೆ ಲಾಳವೂ ಇತ್ತು. ಕೊನೆಗೆ ‘ಮಾಂಸ, ಹಸಿ’ ಎಂಬ ಬಾಬ್ತು ಸಿಕ್ಕಿ ಅವರ ಮುಖ ಅರಳಿತು.

“ಹಸಿ ಮಾಂಸ ಮೂರು ದಿನ ಮೀರಿದ್ರೆ ಹೂಳಬೇಕು ಅಂತಿದೆ ಕಣಮ್ಮಾ,” ಎಂದರು ವೇದವತಿಗೆ. “ನೀವು ವರ್ಷಗಟ್ಟಲೆ ಇಟ್ಕೊಂಡಿದೀರಿ. ಕ್ರಮ ತಗೊಳ್ದೆ ಬಿಟ್ಟಿರೋದೇ ದೊಡ್ಡದು.”

“ಸಾರ್, ಆ ನೀರುನಾಯಿ ಇನ್ನೊಂದಿಲ್ಲ. ಹೂತ್ಬಿಟ್ರೆ ಅದು ಇಲ್ಲಿತ್ತು ಅನ್ನೋದಕ್ಕೇ ಏನೂ ಉಳಿಯಲ್ಲ.”

“ಏನೂ ಉಳೀದಿದ್ರೆ ತನಿಖೆ ಸುಲಭ.”

ಅಟೆಂಡರ್ ಮುನಿಶಾಮಪ್ಪ ಹಿತ್ತಲಲ್ಲಿ ಗುಂಡಿ ತೋಡಿದ. ಬ್ಯಾಟರಾಯನಪುರದ ಆಳು, ಒಳ್ಳೇ ಆಳವಾಗಿಯೇ ತೋಡಿದ. ಜಾಡಿಗಳನ್ನು ಊಟದ ವಿರಾಮದ ನಂತರ ಹೂಳತಕ್ಕದ್ದೆಂದು ಆಜ್ಞೆಯಾಯಿತು. ವೇದವತಿ ನೀರುನಾಯಿಯ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನಗೂ ಇದು ಬೇಡವಾಗಿತ್ತು, ಆದರೆ ಆಜ್ಞೆ ಆಜ್ಞೆಯೇ.

ಚನ್ನಕೇಶವರು ಅವರೆದುರಿಗೇ ಕ್ಯಾರಿಯರ್ ಬಿಚ್ಚಿದರು. ಮೊಸರನ್ನ, ಪಕ್ಕದಲ್ಲಿ ಕಪ್ಪಗಾಗಿದ್ದ ನಿಂಬೆ ಉಪ್ಪಿನಕಾಯಿ.

“ಉಪ್ಪಿನಕಾಯಿ ಹಳೇದಾ ಸಾರ್?” ವೇದವತಿ ಕೇಳಿದರು.

“ನಮ್ಮತ್ತೆ ಹಾಕಿದ್ದು. ಅವರು ಹೋಗಿ ನಾಲ್ಕು ವರ್ಷ ಆಯ್ತು. ಏನ್ ರುಚಿ ಅಂತೀರಿ.”

“ಹಂಗಾದ್ರೆ ಇದನ್ನೂ ಹೂಳಬೇಕಲ್ವಾ?”

ಚನ್ನಕೇಶವರ ಕೈಯ ತುತ್ತು ಕೈಯಲ್ಲೇ ನಿಂತಿತು. “ಉಪ್ಪಿನಕಾಯಿ ಬಾಬ್ತೇ ಬೇರೆ ಕಣ್ರೀ,” ಎಂದು ಎಡಗೈಯಲ್ಲಿ ಕೈಪಿಡಿ ತೆರೆದು ಓದಿದರು: “ತುಂಡು ಮಾಡಿದ್ದು, ಜಾಡಿಯಲ್ಲಿಟ್ಟದ್ದು, ದ್ರವದಲ್ಲಿ ಮುಳುಗಿದ್ದು, ಎಷ್ಟು ಹಳೆಯದಾದರೂ ಕೆಡದೇ ಇರತಕ್ಕದ್ದು.”

ಓದಿ ಮುಗಿಸಿ ವೇದವತಿಯ ಮಡಿಲು ನೋಡಿದರು. ಜಾಡಿ ನೋಡಿದರು. ಮತ್ತೊಮ್ಮೆ ಓದಿದರು.

“ಮೊದಲೇ ಹೇಳಬಾರದಾ ತಾಯಿ,” ಎಂದರು.

ಅಂದು ಸಂಜೆಯೊಳಗೆ ಮೊಸಳೆಯ ಗುಂಡಿಗೆಯಿಂದ ಹಿಡಿದು ಬಾವಲಿಯ ರೆಕ್ಕೆಯವರೆಗೆ ಸಮಸ್ತವೂ ಉಪ್ಪಿನಕಾಯಿ ಎಂದು ಘೋಷಿತವಾಯಿತು. ತೋಡಿದ ಗುಂಡಿಯನ್ನು ಖಾಲಿ ಮುಚ್ಚುವಂತಿಲ್ಲವಾದ್ದರಿಂದ ಎರಡು ಗಟ್ಟಿಮುಟ್ಟಾದ ಕುರ್ಚಿಗಳನ್ನು ಹೂಳಲಾಯಿತು. ಅದರಲ್ಲೊಂದು ನನ್ನದು. ಬಾಗಿಲಿಗೆ ಪ್ರಕಟಣೆ ಬಿತ್ತು:

‘ಒದ್ದೆ ಕೈಯಲ್ಲಿ ಜಾಡಿ ಮುಟ್ಟಕೂಡದು. ಎಂಜಲು ಕೈಯವರಿಗೆ ಪ್ರವೇಶವಿಲ್ಲ. ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟತಕ್ಕದ್ದು.’

ಸತ್ಯ ಹೇಳಬೇಕೆಂದರೆ, ಆ ಕೋಣೆ ಅಷ್ಟು ಚೊಕ್ಕಟವಾಗಿ ಹಿಂದೆಂದೂ ಇರಲಿಲ್ಲ.

ತೊಡಕು ಬಂದದ್ದು ಮಾರನೇ ವರ್ಷ. ಸರ್ಕಾರಿ ಉಪ್ಪಿನಕಾಯಿಯನ್ನು ವರ್ಷಕ್ಕೊಮ್ಮೆ ಸಮಿತಿ ರುಚಿ ನೋಡಬೇಕೆಂದೂ, ರುಚಿಸಿದ್ದನ್ನು ಹಾಸ್ಟೆಲುಗಳಿಗೆ ಹಂಚಬೇಕೆಂದೂ, ರುಚಿಸದಿದ್ದನ್ನು ಚೆಲ್ಲಬೇಕೆಂದೂ ಕೈಪಿಡಿ ಹೇಳುತ್ತದೆ. ವೇದವತಿಯ ಮುಖ ಬಿಳಿಚಿಕೊಂಡಿತು. ಸಮಿತಿಯಲ್ಲಿ ಚನ್ನಕೇಶವರು, ನಮ್ಮ ನಿರ್ದೇಶಕರು ಮತ್ತು ನಾನು. ನಿರ್ದೇಶಕರಿಗೆ ಅಂದು ಏಕಾದಶಿ. ಚನ್ನಕೇಶವರಿಗೆ ಹಲ್ಲು ನೋವು. ನನಗೂ ಇದ್ದಕ್ಕಿದ್ದಂತೆ ಹಲ್ಲು ನೋವು ಬಂತು. ಮುನಿಶಾಮಪ್ಪನನ್ನು ಕರೆಸಲಾಯಿತು.

ಅವನು ನೀರುನಾಯಿಯ ಜಾಡಿಯ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು ಮೂಸಿದ. ಕಣ್ಣಲ್ಲಿ ನೀರು ಬಂತು. ವೇದವತಿಯ ಕಡೆ ನೋಡಿದ.

“ವಸಿ ಘಾಟು ಐತೆ ಸಾಮಿ,” ಎಂದ. “ಇಂಗೇ ಮಡಗಿ. ಇನ್ನೂ ನೆನೀಬೇಕು.”

ಸಮಿತಿ ‘ಇನ್ನೂ ನೆನೆಯಬೇಕು’ ಎಂದು ಸರ್ವಾನುಮತದಿಂದ ಬರೆದು, ಕಾಫಿ ಕುಡಿದು ಚದುರಿತು. ನೆನೆಯುತ್ತಿರುವುದನ್ನು ಹಂಚುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಅಂದಿನಿಂದ ಪ್ರತಿ ವರ್ಷವೂ ಸಮಿತಿ ಸೇರುತ್ತದೆ, ಮುನಿಶಾಮಪ್ಪ ಮೂಸುತ್ತಾನೆ, ಇನ್ನೂ ನೆನೆಯಬೇಕಾಗಿರುತ್ತದೆ. ಹಲ್ಲು ನೋವೂ ತಪ್ಪದೆ ಬರುತ್ತದೆ.

ಹೋದ ತಿಂಗಳು ಕಲ್ಕತ್ತಾದಿಂದ ಒಬ್ಬ ವಿದ್ವಾಂಸರು ನೀರುನಾಯಿಯನ್ನೇ ಹುಡುಕಿಕೊಂಡು ಬಂದರು. ಇಷ್ಟು ಹಳೆಯದು ದೇಶದಲ್ಲಿ ಬೇರೆಲ್ಲೂ ಸಿಕ್ಕಿಲ್ಲವೆಂದರು. ಉಪ್ಪಿನಕಾಯಿಯನ್ನು ಬರಿದೇ ಕೊಡತಕ್ಕದ್ದಲ್ಲ, ಅನ್ನ ಅರ್ಜಿದಾರರೇ ತರತಕ್ಕದ್ದು ಎಂದು ನಾನು ನಿಯಮ ತೋರಿಸಿದೆ. ಅವರು ಎದುರಿನ ಹೋಟೆಲಿಗೆ ಹೋಗಿ ಒಂದು ಪ್ಲೇಟು ಅನ್ನ ತಂದರು. ಮುನಿಶಾಮಪ್ಪನು ವಿದ್ವಾಂಸರ ಕೈ ಮುಟ್ಟಿ ನೋಡಿ, ಒಣಗಿದೆ ಎಂದ ಮೇಲೆ ಒಳಗೆ ಬಿಟ್ಟೆವು.

ಅನ್ನವನ್ನು ಪಕ್ಕದಲ್ಲಿಟ್ಟುಕೊಂಡು ಅವರು ಮಧ್ಯಾಹ್ನವೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ವೇದವತಿ ಅವರ ಹಿಂದೆಯೇ ನಿಂತಿದ್ದರು, ನಗುತ್ತಾ, ಅಳುತ್ತಾ. ನನ್ನ ಕಣ್ಣೂ ತೇವವಾಯಿತು. ಕಚೇರಿ ವೇಳೆಯಾದ್ದರಿಂದ ತಡೆದುಕೊಂಡೆ.

ಹೊರಡುವಾಗ ಸಮಿತಿಯ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವಂತೆ ಕೇಳಿದೆ. ಅವರು ಸಮಿತಿ ವರ್ಷವರ್ಷವೂ ಬರೆದದ್ದನ್ನೆಲ್ಲ ವೇದವತಿಯಿಂದ ಓದಿಸಿ ಅರ್ಥ ಕೇಳಿಕೊಂಡರು. ಒಮ್ಮೆ ಜಾಡಿಯ ಕಡೆ ತಿರುಗಿ ನೋಡಿದರು. ಆಮೇಲೆ ಪೆನ್ನು ತೆಗೆದು, ವೇದವತಿ ಬರೆದು ತೋರಿಸಿದ ಕನ್ನಡ ಅಕ್ಷರಗಳನ್ನೇ ನಿಧಾನವಾಗಿ ನಕಲು ಮಾಡಿದರು: ‘ಇನ್ನೂ ನೆನೆಯಬೇಕು.’